ಶಾಂತವ್ವ ಹೇಳಿದ್ದು, ನಾನು ದಾಟಿಸದೆ ಬಿಟ್ಟಿದ್ದು

ಸ್ವಲ್ಪ ತಾಳಿ, ಪುಟ ತಿರುಗಿಸಬೇಡಿ. ಥೈರಾಯ್ಡ್, ಸೂಜಿ, ಸ್ಲೈಡು ಎಂದರೆ ಬೇಜಾರಾಗುತ್ತದೆ, ಗೊತ್ತು. ಆದರೆ ಈ ಕೇಸಿನಲ್ಲಿ ತಪ್ಪಿದ್ದು ನನ್ನ ಕಣ್ಣೊಂದೇ ಅಲ್ಲ.

ಅದು 1975. ಮುಂಬಯಿಯ ಒಂದು ಆಸ್ಪತ್ರೆಯ ಪ್ಯಾಥಾಲಜಿ ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್. ಸ್ಲೈಡಿಗೆ ಬಣ್ಣ ಹಾಕಲು ಸೇರಿದವನು. ಜೀವಕೋಶ ಗುರುತಿಸುವುದನ್ನು ಲೈಬ್ರರಿ ಪುಸ್ತಕ ನೋಡಿ ನಾನೇ ಕಲಿತಿದ್ದೆ. ಕುತ್ತಿಗೆಯ ಗಂಟಿಗೆ ಸಣ್ಣ ಸೂಜಿ ಚುಚ್ಚಿ, ಬಂದ ಹನಿಯನ್ನು ಗಾಜಿನ ಮೇಲೆ ಸವರಿ ಪರೀಕ್ಷಿಸುವುದು ನಮ್ಮಲ್ಲಿ ಆಗಷ್ಟೇ ಶುರುವಾಗಿತ್ತು. ಮೊದಲು ನಾನು ನೋಡಿ ಅನುಮಾನದ ಜಾಗಕ್ಕೆ ಶಾಯಿಯ ಚುಕ್ಕೆ ಇಡಬೇಕು. ಕೆಲಸದ ಒತ್ತಡದಲ್ಲಿ ಡಾಕ್ಟರ್ ಮೇಡಮ್ ಚುಕ್ಕೆಯಿದ್ದಲ್ಲೇ ಹೆಚ್ಚು ನೋಡುತ್ತಿದ್ದರು. ಕನ್ನಡದ ಪೇಷಂಟ್ ಬಂದರೆ ದುಭಾಷಿಯೂ ನಾನೇ.

ಹಾಗೆ ಬಂದವಳು ಶಾಂತವ್ವ. ವಿಜಾಪುರದ ಕಡೆಯವಳು, ಮುಲುಂಡಿನಲ್ಲಿ ಏಳುತ್ತಿದ್ದ ಬಿಲ್ಡಿಂಗಿಗೆ ಇಟ್ಟಿಗೆ ಹೊರುತ್ತಿದ್ದಳು. ಕುತ್ತಿಗೆಯಲ್ಲಿ ನಿಂಬೆಹಣ್ಣಿನಷ್ಟು ಗಂಟು.

“ಗಂಟು ನೋಯಂಗಿಲ್ಲೋ ತಮ್ಮಾ. ಹೊಟ್ಟೀದ ಕಾಟ. ದಿನಾ ಏಳೆಂಟ್ ಸಲ ಓಡಬೇಕು. ಕೆಲಸಾ ಮಾಡಸೋ ಮುಕಾದಮ ಅಂತಾನ, ನೀ ಗ್ವಾಡಿ ಕಟ್ಟಾಕ ಬಂದೀಯೋ, ಗ್ವಾಡಿ ಹಿಂದ ಕುಂದ್ರಾಕ ಬಂದೀಯೋ ಅಂತ!”

ನನಗೆ ನಗು ಬಂತು. ಮೇಡಮ್ ಕೇಳಿದರು: “ಕ್ಯಾ ಬೋಲ್ ರಹೀ ಹೈ?”

“ಗಾಂಠ್ ಮೇ ದರ್ದ್ ನಹೀಂ, ಮೇಡಮ್,” ಎಂದೆ. ಗಂಟು ನೋಯುವುದಿಲ್ಲ, ಅಷ್ಟೇ. ಹೊಟ್ಟೆಯ ವಿಷಯವನ್ನು ಒಬ್ಬ ಹೆಂಗಸಿನ ಮುಂದೆ ಹೇಳಲು ನಾಚಿಕೆ. ಚಾಳಿನ ನೀರಿನಿಂದ ಬಂದಿದ್ದಿರಬೇಕು, ಕುತ್ತಿಗೆಗೂ ಅದಕ್ಕೂ ಏನು ಸಂಬಂಧ ಎಂಬ ಜಾಣತನ ಬೇರೆ.

ಸ್ಲೈಡಿನಲ್ಲಿ ಗುಲಾಬಿ ಬಣ್ಣದ ಮುದ್ದೆಗಳಿದ್ದವು. ಸಾಮಾನ್ಯ ಗಳಗಂಡದಲ್ಲಿ ಕಾಣುವ ಅಂಟು ದ್ರವ, ಕೊಲಾಯ್ಡ್, ಎಂದುಕೊಂಡೆ. ಸುತ್ತ ಉದ್ದುದ್ದದ ಜೀವಕೋಶಗಳೂ ಇದ್ದವು. ಪುಸ್ತಕದ ಚಿತ್ರಕ್ಕೆ ಹೊಂದದ್ದರಿಂದ, ಸವರುವಾಗ ಎಳೆದುಹೋಗಿವೆ ಎಂದುಕೊಂಡೆ. ಒಂದೂ ಚುಕ್ಕೆ ಇಡಲಿಲ್ಲ. ‘ಸಾಮಾನ್ಯ ಗಳಗಂಡ’ ಎಂದು ರಿಪೋರ್ಟ್ ಹೋಯಿತು.

ಎಂಟು ತಿಂಗಳ ಮೇಲೆ ಅವಳು ತಿರುಗಿ ಬಂದಾಗ ಕುತ್ತಿಗೆಯ ಎರಡೂ ಬದಿ ಗಂಟುಗಳು. ಮೇಡಮ್ ಹಳೆಯ ಸ್ಲೈಡ್ ತೆಗೆಸಿ ತುಂಬ ಹೊತ್ತು ನೋಡಿದರು. ಮುದ್ದೆಗಳು ಕೊಲಾಯ್ಡ್ ಅಲ್ಲ, ಅಮೈಲಾಯ್ಡ್ ಎಂಬ ಪ್ರೋಟೀನು. ಮೆಡುಲ್ಲರಿ ಕಾರ್ಸಿನೋಮಾ, ಥೈರಾಯ್ಡಿನ ಅಪರೂಪದ ಕ್ಯಾನ್ಸರ್. ಆ ಗಡ್ಡೆ ಒಸರುವ ರಸಗಳಿಂದ ಕೆಲವರಿಗೆ ಭೇದಿ ಹತ್ತುತ್ತದಂತೆ.

“ಪೂಛೋ, ಲೂಸ್ ಮೋಷನ್ ಹೋತಾ ಹೈ ಕ್ಯಾ?”

ಕೇಳಿದೆ. ಶಾಂತವ್ವ ಆಶ್ಚರ್ಯದಿಂದ ನನ್ನ ಮುಖ ನೋಡಿದಳು. “ಅವತ್ತ ನಿನಗ ಹೇಳಿದ್ದೆನಲ್ಲೋ ತಮ್ಮಾ. ಡಾಕ್ಟರ್ ಬಾಯಾರಿಗೆ ಹೇಳಲಿಲ್ಲೇನು?”

ಆ ಮಾತನ್ನೂ ನಾನೇ ಹಿಂದಿಗೆ ತಿರುಗಿಸಬೇಕಿತ್ತು. ಈ ಸಲ ಒಂದಕ್ಷರ ಬಿಡದೆ ತಿರುಗಿಸಿದೆ. ಮೇಡಮ್ ಬೈಯಲಿಲ್ಲ. “ಚುಕ್ಕೆ ಇಲ್ಲದ ಜಾಗ ನಾನೂ ನೋಡಬೇಕಿತ್ತು” ಎಂದು ಹಿಂದಿಯಲ್ಲಿ ಹೇಳಿ ಕನ್ನಡಕ ತೆಗೆದಿಟ್ಟರು.

ಆಪರೇಷನ್ ಆಯಿತು, ಪೂರ್ತಿ ತೆಗೆಯಲಾಗಲಿಲ್ಲ. ಊರಿಗೆ ಹೋಗುವ ದಿನ ಲ್ಯಾಬಿನ ಬಾಗಿಲಿಗೆ ಬಂದು, “ನಮ್ಮ ಮಾತು ಆಡಾಂವ ನೀ ಒಬ್ಬನ ಇದ್ದಿ, ಬರ್ತೀನೋ” ಎಂದಳು. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಅಂದಿನಿಂದ ಪೇಷಂಟ್ ಹೇಳಿದ್ದನ್ನೆಲ್ಲ ಪರೀಕ್ಷೆಯ ಚೀಟಿಯ ಹಿಂದೆ ಬರೆಯುತ್ತ ಬಂದಿದ್ದೇನೆ, ಮುಕಾದಮನ ಬೈಗುಳವನ್ನೂ. ಯಾವುದು ಮುಖ್ಯ ಎಂದು ಆರಿಸುವುದು ನನ್ನ ಕೆಲಸವಲ್ಲ.

ನೀವೂ ಯಾರದೋ ಮಾತನ್ನು ದಾಟಿಸುವಾಗ ಏನಾದರೂ ಬಿಟ್ಟಿದ್ದೀರಾ? ಬಿಟ್ಟಿದ್ದರೆ ಬರೆದು ತಿಳಿಸಿ, ಅದರಿಂದ ಏನಾಯಿತು ಎಂಬುದನ್ನೂ.