ಆಯಿ ಎಂಬ ಹಾಳೂರು

ಮಿಷನ್ ಶಾಲೆಯ ಮೇಷ್ಟ್ರನ್ನು ನಾನು ವಾದದಲ್ಲಿ ಸೋಲಿಸಿದೆ ಎಂಬ ಕಥೆ ಮಧುಗಿರಿಯಲ್ಲಿ ಇನ್ನೂ ಓಡಾಡುತ್ತಿದೆ. ಹೇಳುವವರಲ್ಲಿ ಒಬ್ಬರೂ ಅಂದು ಆ ಕೋಣೆಯಲ್ಲಿರಲಿಲ್ಲ. ಇದ್ದದ್ದು ನಾವಿಬ್ಬರೇ, ಮತ್ತೆ ಗೋಡೆಯ ಮೇಲೆ ಪ್ಯಾಲೆಸ್ಟೈನಿನ ಭೂಪಟ. ವಾದಕ್ಕೆ ಕರೆದವರೂ ಮೇಷ್ಟ್ರೇ.

ಮರುವಾರ ತುಮಕೂರಿನಲ್ಲಿ ಪಾದ್ರಿಗಳ ಎದುರು ಅವರು ಉಪನ್ಯಾಸ ಮಾಡಬೇಕಿತ್ತು. ಮೆಚ್ಚಿದರೆ ಚರ್ಚಿನಲ್ಲಿ ಬೋಧಿಸುವ ಉಪದೇಶಿಯ ಕೆಲಸ. ಇಲ್ಲದಿದ್ದರೆ ಮತ್ತೆ ಒಂದನೇ ತರಗತಿ, ಮತ್ತೆ ಕಾಗುಣಿತ. ವಿಷಯ, ಆಯಿ ಎಂಬ ಪುರಾತನ ಊರು. ಯೆಹೋಶುವ ಎಂಬ ದಂಡನಾಯಕನ ಸೈನ್ಯ ಅದನ್ನು ಸುಟ್ಟು ಹಾಳುದಿಬ್ಬ ಮಾಡಿತೆಂದು ಬೈಬಲಿನಲ್ಲಿದೆ. ಆ ದಿಬ್ಬ ಈಗ ಎಲ್ಲಿದೆ ಎಂದು ಮೇಷ್ಟ್ರು ತೋರಿಸಿಕೊಡಬೇಕು.

ನನಗೆ ಅಕ್ಷರ ಕಲಿಸಿದವರು ಅವರು. ನಾನು ಹೈಸ್ಕೂಲಿನ ಚರ್ಚಾಕೂಟದಲ್ಲಿ ಯಾವಾಗಲೂ ವಿರೋಧ ಪಕ್ಷ.

"ನೀನು ಹೆಂಗೂ ಯಾವ್ದನ್ನೂ ನಂಬೋನಲ್ಲ. ಅಲ್ಲಿ ಹೋಗಿ ಬೀಳೋ ಬದ್ಲು ಇಲ್ಲೇ ಬೀಳ್ತೀನಿ, ಕೆಡವು ನೋಡಾನ," ಎಂದು ಕೈಯಲ್ಲಿದ್ದ ಕಡ್ಡಿಯನ್ನು ಭೂಪಟದ ಮೇಲೆ ಬೇತೇಲ್ ಎಂಬ ಊರಿನ ಪಕ್ಕಕ್ಕಿಟ್ಟರು. "ಇಲ್ಲೊಂದು ದಿಬ್ಬ ಐತೆ. ಅಲ್ಲಿನ ಜನ ತೆಲ್ ಅಂತಾರೆ, ಹಾಳುದಿಬ್ಬ ಅಂತ. ಹೀಬ್ರೂನಲ್ಲಿ ಆಯಿ ಅಂದ್ರೂ ಹಾಳುಬಿದ್ದ ಜಾಗಾನೇ. ಆಯಿ ಬೇತೇಲಿನ ಮೂಡ್ಲಿಗೈತೆ ಅಂತ ಬೈಬಲಲ್ಲೂ ಬರ್ದವ್ರೆ. ದಿಕ್ಕೂ ಕೂಡ್ತು, ಅರ್ಥಾನೂ ಕೂಡ್ತು. ಇನ್ನೇನ್ಲಾ ಬೇಕು ನಿಂಗೆ?"

"ದಿಕ್ಕು ಇರ್ಲಿ ಸಾರ್. ಅರ್ಥ ಸಾಕ್ಷಿ ಆಗಾಕಿಲ್ಲ."

"ಯಾಕಾಗಾಕಿಲ್ಲ?"

ನಮ್ಮೂರಿನದನ್ನೇ ಹೇಳಿದೆ. ಕಳ್ಳಂಬೆಳ್ಳದ ಕಡೆ ನಮ್ಮ ಹಳ್ಳಿ. ಪ್ಲೇಗು ಬಂದಾಗ ಹಿರಿಯರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡವರು ಅಲ್ಲೇ ನೆಲೆನಿಂತರು. ತೊಲೆ, ಬಾಗಿಲು, ಹೊಸ್ತಿಲು ಕಿತ್ತು ತಂದ ಹಾಗೆ ಊರಿನ ಹೆಸರನ್ನೂ ತಂದರು. ಹಳೆಯ ಜಾಗದಲ್ಲಿ ಹನುಮಪ್ಪನ ಗುಡಿ, ನಾಲ್ಕಾರು ಮೋಟು ಗೋಡೆ ಉಳಿದವು. ಆ ಜಾಗಕ್ಕೆ ಈಗ ಬರೀ ಹಾಳೂರು ಎನ್ನುತ್ತಾರೆ. ವರ್ಷಕ್ಕೊಮ್ಮೆ ಪೂಜೆಗೆ ಹೊರಡುವಾಗ ನಮ್ಮಜ್ಜಿ ಕೂಡ, ತಾನು ಹುಟ್ಟಿದ ಮನೆ ಅಲ್ಲಿದ್ದರೂ, ಬೇರೆ ಹೆಸರು ಹೇಳಿದ್ದಿಲ್ಲ.

"ತೋವಿನಕೆರೆ ಕಡೆ ಹೋದ್ರೂ ಒಂದು ಹಾಳೂರು ಐತೆ ಸಾರ್, ಹೊಳವನಹಳ್ಳಿ ಕಡೆಗೂ ಒಂದೈತೆ. ಹಾಳೂರು ಸಿಕ್ತು ಅಂತ ಯಾರಾನ ಬಂದ್ರೆ, ಯಾವುದಪ್ಪಾ ಅಂತ ಕೇಳಾಕಿಲ್ವಾ ನೀವು?"

ಮೇಷ್ಟ್ರು ಬೆಂಚಿನ ಮೇಲೆ ಕುಳಿತರು. ಕಡ್ಡಿಯಿಂದ ಬೆನ್ನು ಕೆರೆದುಕೊಂಡರು. ತುಮಕೂರು ಕೈತಪ್ಪಿತೆಂದೇ ನಾನೂ ಅಂದುಕೊಂಡೆ.

"ನಿಮ್ಮೋರು ಬದುಕ್ಕಂಡ್ರು, ಹೆಸರು ಹೊತ್ಕಂಡು ಹೋದ್ರು," ಎಂದರು ನಿಧಾನವಾಗಿ. "ಆಯಿನೋರಲ್ಲಿ ಹೊತ್ಕಂಡು ಹೋಗಾಕೆ ಒಬ್ರೂ ಉಳೀಲಿಲ್ಲ ಕಣ್ಲಾ. ಅದ್ಕೇ ಆ ಜಾಗಕ್ಕೆ ಹಾಳು ಅನ್ನೋದೇ ಹೆಸರಾಗಿ ನಿಂತ್ಬುಡ್ತು."

ಚರ್ಚಾಕೂಟವಾಗಿದ್ದರೆ ಗಂಟೆಯನ್ನು ಅವರ ಪರವಾಗಿಯೇ ಬಾರಿಸುತ್ತಿದ್ದರು. ಸೋತವನು ನಾನು, ಊರವರು ಇದನ್ನು ತಿಳಿದುಕೊಂಡರೆ ಸಾಕು.

"ಇದ್ನೇ ಹೇಳ್ತೀನಿ ಪಾದ್ರಿಗಳಿಗೆ," ಎಂದು ಅವರು ಭೂಪಟ ಸುತ್ತತೊಡಗಿದರು. ಅವರ ಉತ್ತರವನ್ನೇ ಮನಸ್ಸಿನಲ್ಲಿ ಮತ್ತೊಮ್ಮೆ ತಿರುವಿ ನೋಡಿದೆ. ಅವರ ಬೈಬಲಿನಲ್ಲಿ ಸುಡುವುದಕ್ಕೆ ಮೊದಲೂ ಆ ಊರು ಆಯಿಯೇ, ಅದರ ಅರಸನೂ ಆಯಿಯ ಅರಸನೇ. ಪಾದ್ರಿಗಳು ಅಷ್ಟು ಓದದೆ ಬರುತ್ತಾರೆಯೇ? ಕೇಳದೆ ಕಳಿಸುವುದು ಸರಿಯೆನಿಸಲಿಲ್ಲ.

"ಸಾರ್, ಸುಡಾಕೆ ಮುಂಚೆ, ಒಲೆ ಹಚ್ಕಂಡು ಮಕ್ಳುಮರಿ ಕಟ್ಕಂಡು ಬದುಕ್ತಿದ್ದಾಗ, ಆ ಜನ ತಮ್ಮೂರನ್ನ ಏನಂತ ಕರೀತಿದ್ರು?"