ಒಳಗೆ ಓದು, ಹಿತ್ತಲಲ್ಲಿ ಮೊಮ್ಮಗಳು

ಒಳಕೋಣೆಯಿಂದ ಮೊಮ್ಮಗಳು ಸಂಗೀತಾ ವಿಜ್ಞಾನ ಓದುವ ದನಿ ಕೇಳುತ್ತಿತ್ತು. ಹಿತ್ತಲಿಗೆ ನೀರು ಚೆಲ್ಲಲು ಹೋದರೆ, ಅದೇ ಸಂಗೀತಾ ಪೇರಲ ಹಣ್ಣು ಕಚ್ಚುತ್ತಾ ನಿಂತಿದ್ದಳು! ಕೋಣೆಯಲ್ಲಿ ಇಣುಕಿದೆ. ಓದುತ್ತಿದ್ದುದು ಮೊಬೈಲು. ಹೈಸ್ಕೂಲಿನ ಮೊದಲ ಪರೀಕ್ಷೆಯಲ್ಲೇ ಫೇಲಾದವಳಿಗೆ, ನಾನು ರೊಟ್ಟಿ ಬಡಿದು ಮುಗಿಸುವತನಕ ಗಟ್ಟಿಯಾಗಿ ಓದಬೇಕೆಂದು ಹೇಳಿದ್ದೆ. ಇವಳು ಒಂದೇ ದಿನ ಓದಿ, ರೆಕಾರ್ಡ್ ಮಾಡಿ, ದಿನವೂ ಅದನ್ನೇ ಹಚ್ಚಿಡುತ್ತಿದ್ದಳು.

ಕಂಡದ್ದನ್ನು ಬಾಯಿಬಿಡಲಿಲ್ಲ. ಊಟಕ್ಕೆ ಕುಳಿತಾಗ ಹೇಳಿದೆ: "ಏನವಾ, ದಿನಾ ಅದ ಪಾಠ? ರೊಟ್ಟಿ ಬಡಿಯೋ ನನಗೂ ಬಾಯಿಪಾಠ ಆತು. ನಾಳಿಂದ ದಿನಕ್ಕೊಂದು ಹೊಸಾದು ಓದು."

"ಆತು ಬಿಡಬೇ ಯಮ್ಮಾ," ಎಂದಳು, ತಲೆ ಎತ್ತದೆ.

ಈಗ ನನಗೆ ಮೋಸ ಮಾಡಲೆಂದೇ ದಿನಕ್ಕೊಂದು ಪಾಠ ಓದಿ ಮೊಬೈಲಿಗೆ ತುಂಬಿಸುತ್ತಾಳೆ. ಮುಂದಿನ ಪರೀಕ್ಷೆಯಲ್ಲಿ ಪಾಸೂ ಆದಳು. ಪೇಪರ್ ಓದುವ ಚಟ ಮಾತ್ರ ಅವಳಿಗಿನ್ನೂ ಹತ್ತಿಲ್ಲ. ಆ ಧೈರ್ಯದ ಮೇಲೆ ಇಷ್ಟನ್ನು ಪೇಪರಿಗೆ ಬರೆದು ಕಳಿಸಿದ್ದೇನೆ.