ದೋಸೆ ಹಿಟ್ಟಿನವರ ಎರಡಿಂಚು

ಮೂವತ್ತು ವರ್ಷ ವರದಿಗಾರನಾಗಿದ್ದರೂ ನಮ್ಮ ಪತ್ರಿಕೆಯ ಜಾಹೀರಾತು ವಿಭಾಗ ಯಾವ ಮಹಡಿಯಲ್ಲಿತ್ತೆಂದು ನನಗೆ ಗೊತ್ತಿರಲಿಲ್ಲ. ಈಗ ನಾಚಿಕೆಯಿಂದ ಹೇಳುತ್ತಿದ್ದೇನೆ. ಆಗ ಹೆಮ್ಮೆಯಿಂದ ಹೇಳುತ್ತಿದ್ದೆ. ಅತ್ತ ಕಾಲಿಟ್ಟರೆ ಮಡಿ ಕೆಡುತ್ತದೆಂಬುದು ನಮ್ಮ ಪಂಗಡದ ಆಚಾರ. ಕ್ಯಾಂಟೀನಿನಲ್ಲೂ ಅವರ ಮೇಜು ಬೇರೆ, ನಮ್ಮದು ಬೇರೆ.

ಎಣ್ಣೂರಿನಲ್ಲಿ ಯಾವ ಕಾರ್ಖಾನೆ ಬಾಗಿಲು ಹಾಕುತ್ತದೆಂದು ಊರಿಗೆಲ್ಲ ಮೊದಲೇ ತಿಳಿಸುತ್ತಿದ್ದ ನಮಗೆ ನಮ್ಮ ಪತ್ರಿಕೆ ಮುಚ್ಚಿದ್ದು ತಿಳಿದದ್ದು ಗೇಟಿನ ನೋಟೀಸಿನಿಂದ. ಕ್ಯಾಂಟೀನಿನ ಮುರುಗನ್‌ಗೆ ಎರಡು ತಿಂಗಳ ಮೊದಲೇ ಗೊತ್ತಿತ್ತು. ಜಾಹೀರಾತಿನವರು ಒಬ್ಬೊಬ್ಬರೇ ಕೆಲಸ ಬಿಡುತ್ತಿದ್ದಂತೆ ಅವನು ಕಾಫಿಗೆ ತರಿಸುವ ಹಾಲು ಕಡಿಮೆ ಮಾಡಿದ್ದನಂತೆ.

ಹೀಗಾಗಿ, ಪತ್ರಿಕೋದ್ಯಮ ಓದಿದ ಮಗಳು ಮೈಥಿಲಿ ನಾವಿರುವ ಪೆರಂಬೂರಿಗೆಂದೇ ನಾಲ್ಕು ಪುಟದ ವಾರಪತ್ರಿಕೆ ಶುರುಮಾಡಿ, ಸಂಜೆ ವ್ಯಾಪಾರ ಕಲಿಸುವ ತರಗತಿಗೂ ಸೇರಿದಾಗ ನಾನು ಸಂತೋಷಪಡಬೇಕಿತ್ತು. ಪಡಲಿಲ್ಲ. ಬರೆಯುವ ಕೈಗೆ ಇದೆಲ್ಲ ಯಾಕೆ ಎಂದೆ.

"ಪೇಪರೇ ನಿಂತ್ರೆ ಬರ್ದಿದ್ದನ್ನ ಎಲ್ಲಿ ಹಾಕ್ಲಿ, ನಿಮ್ಮ ಡೈರೀಲಾ? ಕೊಂಜಂ ಯೋಚ್ನೆ ಮಾಡಿ ಅಪ್ಪಾ" ಎಂದಳು.

ಯೋಚನೆ ಮಾಡಲಿಲ್ಲ. ಅವಳು ದೋಸೆ ಹಿಟ್ಟಿನ ಅಂಗಡಿಯವರ ಹತ್ತಿರ ಎರಡಿಂಚು ಜಾಹೀರಾತಿಗೆ ಚೌಕಾಶಿ ಮಾಡುತ್ತಿದ್ದುದನ್ನು ಕಂಡು, ಹಿಟ್ಟು ತರಲು ಒಯ್ದ ಖಾಲಿ ಡಬ್ಬಿ ಕೈಯಲ್ಲಿದ್ದರೂ ರಸ್ತೆಯ ಆಚೆ ಬದಿಗೆ ದಾಟಿಬಿಟ್ಟೆ. ಅಂದು ಮನೆಯಲ್ಲಿ ಉಪ್ಪಿಟ್ಟು.

ಹೋದ ತಿಂಗಳು ಟಿ. ನಗರದ ದೊಡ್ಡ ಜವಳಿ ಅಂಗಡಿಯವರು ವರ್ಷವಿಡೀ ಕೊನೆಯ ಪುಟ ಪೂರ್ತಿ ಕೊಳ್ಳುತ್ತೇವೆಂದರು. ಒಂದೇ ಷರತ್ತು. ಅವರಲ್ಲಿ ಸೀರೆ ತೋರಿಸುವ ಹೆಣ್ಣುಮಕ್ಕಳು, ನಮ್ಮ ಬೀದಿಯವರೇ, ಕೂರಲು ಒಂದು ಸ್ಟೂಲೂ ಇಲ್ಲದೆ ದಿನವಿಡೀ ನಿಂತಿರುತ್ತಾರೆಂಬ ಅವಳ ವರದಿ ಅಚ್ಚಾಗಬಾರದು. ಇಷ್ಟು ಮಡಿಯ ಮನುಷ್ಯ ನಾನು ಹೇಳಿದ್ದೇನು ಗೊತ್ತೇ? "ಸ್ವಲ್ಪ ಮೆತ್ತಗೆ ಬರೆದ್ರಾಯ್ತು." ಪತ್ರಿಕೆ ಮುಚ್ಚುವ ನೋವು ಅವಳಿಗೂ ಬಂದೀತೆಂಬ ಭಯ ನನಗೆ.

ಮೈಥಿಲಿ ತನ್ನ ಲೆಕ್ಕದ ಪುಸ್ತಕ ತೆರೆದು ನೋಡಿದಳು. "ಪರವಾಯಿಲ್ಲಪ್ಪಾ. ಸಣ್ಣ ಅಂಗಡಿಗಳೇ ನಲವತ್ತು ಇವೆ. ಇವರಿಲ್ದೆ ನಡೆಯತ್ತೆ." ಫೋನ್ ಮಾಡಿ, ತಮಿಳಿನಲ್ಲಿ ಬಹಳ ಮರ್ಯಾದೆಯಿಂದ, ಆಗುವುದಿಲ್ಲ ಎಂದಳು.

ನನ್ನ ಕಾಲದಲ್ಲೂ ಎಷ್ಟೋ ವರದಿಗಳು ಮೆತ್ತಗಾಗುತ್ತಿದ್ದವು. ಅದು ಸಂಪಾದಕರ ಅಭಿರುಚಿ ಎಂದುಕೊಂಡು ನಾನು ಸುಮ್ಮನಿದ್ದೆ. ಯಾರ ಜಾಹೀರಾತಿನಿಂದ ನನ್ನ ಸಂಬಳ ಬರುತ್ತಿತ್ತೆಂದು ತಿಳಿಯದವನು ಜಗಳವಾಡುವುದಾದರೂ ಯಾರೊಡನೆ?

ಆ ವಾರ ವರದಿ ಮೊದಲ ಪುಟದಲ್ಲಿ ಬಂತು. ನಾನು ಮೊದಲು ತಿರುಗಿಸಿ ನೋಡಿದ್ದು ಕೊನೆಯ ಪುಟವನ್ನು. ಟೈಲರು, ಸೈಕಲ್ ರಿಪೇರಿ, ಮೂಲೆಯಲ್ಲಿ ದೋಸೆ ಹಿಟ್ಟು. ಡಬ್ಬಿ ಹಿಡಿದು ಹೊರಟೆ. ಈ ಸಲ ರಸ್ತೆ ದಾಟಲಿಲ್ಲ.